ಬಾಲ್ದೊಮೆರೊನ ಎಪ್ಪತ್ತು ದಿನಗಳ ಕೈತೋಟ

ಬಾಲ್ದೊಮೆರೊ ಒಯಾರ್ಸೊನ ಒಸಡಿನಲ್ಲಿ ರಕ್ತ ಬರದೇ ಇದ್ದಿದ್ದರೆ ಅವನು ಜನ್ಮದಲ್ಲಿ ಒಂದು ಎಲೆಕೋಸನ್ನೂ ಬೆಳೆಯುತ್ತಿರಲಿಲ್ಲವೇನೋ.

ಆಗ ನಾನು ಭೂಮಿಯ ತೆಂಕಣ ತುದಿಯ ನಮ್ಮ ದ್ವೀಪದಲ್ಲಿ, ಪೊರ್ವೆನೀರ್ ಊರಿನಿಂದ ಒಳಗಿನ ಕುರಿ ಫಾರಂಗಳಿಗೆ ದಿನಸಿ ಸಾಗಿಸುವ ಲಾರಿ ಓಡಿಸುತ್ತಿದ್ದೆ. ಹೋಗುವಾಗ ಹಿಟ್ಟು, ಸಕ್ಕರೆ, ಸೀಮೆಎಣ್ಣೆ, ಕಷಾಯಕ್ಕೆ ಯೆರ್ಬಾ ಸೊಪ್ಪು. ಬರುವಾಗ ಉಣ್ಣೆಯ ಮೂಟೆ. ಒಂದು ಫಾರಂನ ದೊಡ್ಡ ಮನೆ ದಾಟಿ ಇನ್ನೂ ನಲವತ್ತು ಕಿಲೋಮೀಟರ್ ಹೋದರೆ ಬೇಲಿ ಮುಗಿಯುವ ಮೂಲೆಯಲ್ಲಿ ಎರಡು ಕೋಣೆಯ ತಗಡಿನ ಮನೆಯೊಂದಿತ್ತು. ಅಲ್ಲಿ ಬಾಲ್ದೊಮೆರೊ, ಮೂರು ನಾಯಿ, ಎರಡು ಕುದುರೆ, ಎರಡು ಸಾವಿರ ಕುರಿ. ಮನುಷ್ಯನ ಮುಖ ಅಂತ ಕಾಣಬೇಕಾದರೆ ನನ್ನ ಲಾರಿಯೇ ಬರಬೇಕು. ಬೇಸಿಗೆಯಲ್ಲಿ, ಅಂದರೆ ನಮ್ಮಲ್ಲಿ ಡಿಸೆಂಬರ್, ಜನವರಿ, ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದೆ. ಮೇ ತಿಂಗಳಲ್ಲಿ ಹಿಮ ಬಿದ್ದು ದಾರಿ ಮುಚ್ಚಿತೆಂದರೆ ಸೆಪ್ಟೆಂಬರ್‌ವರೆಗೆ ಅದೂ ಇಲ್ಲ.

ಅವನು ಚಿಲೊಯೆ ದ್ವೀಪದವನು. ಅಲ್ಲಿನ ಗಂಡಸರು ಉಣ್ಣೆ ಕತ್ತರಿಸುವ ಸುಗ್ಗಿಗೆ ಹಡಗು ಹತ್ತಿ ನಮ್ಮ ಕಡೆ ಬರುವುದು, ಮುಗಿದ ಮೇಲೆ ವಾಪಸು ಹೋಗುವುದು ಹಿಂದಿನಿಂದಲೂ ಇತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅಣ್ಣಂದಿರ ಜೊತೆ ಬಂದವನು ಅವರ ಜೊತೆ ಹೋಗಲಿಲ್ಲ. ಒಂದು ಚಳಿಗಾಲ ಕುರಿ ಕಾಯ್ದು ನೋಡೋಣ ಅಂತ ಉಳಿದ. ನಾನು ಅವನನ್ನು ಮೊದಲು ಕಂಡಾಗ ಹದಿನಾಲ್ಕು ಚಳಿಗಾಲ ಕಳೆದಿದ್ದವು.

ಒಸಡಿನ ವಿಷಯ ಹೇಳುತ್ತಿದ್ದೆ. ಮೂರು ಹೊತ್ತೂ ಕುರಿಮಾಂಸ, ರೊಟ್ಟಿ, ಕಷಾಯ. ಹಲ್ಲು ಅಲ್ಲಾಡತೊಡಗಿ, ಕುದುರೆ ಹತ್ತಿ ದೊಡ್ಡ ಮನೆಯ ಕಂಪೌಂಡರ್ ಹತ್ತಿರ ಹೋದನಂತೆ. ಕಂಪೌಂಡರ್ ಬಾಯಿ ತೆರೆಸಿ ನೋಡಿ, "ಬರೀ ಕುರಿ ತಿಂದು ತಿಂದು ಕುರಿಗಿಂತ ಕಡೆಯಾಗಿದ್ದೀಯಲ್ಲೋ. ಕುರಿಯಾದ್ರೂ ಹುಲ್ಲು ತಿನ್ನತ್ತೆ. ನೀನೂ ಏನಾದ್ರೂ ಹಸಿರು ತಿನ್ನು, ಹೋಗು" ಅಂದನಂತೆ. ಹಸಿರು ಎಲ್ಲಿಂದ ಬರಬೇಕು? ಆಗ ಅವನಿಗೆ ಅವ್ವನ ಹಿತ್ತಿಲು ನೆನಪಾಯಿತು.

ಮೊದಲ ವರ್ಷ ಅವ್ವ ಮಾಡುತ್ತಿದ್ದ ಹಾಗೇ ಸೆಪ್ಟೆಂಬರ್‌ನಲ್ಲಿ ಮಡಿ ಕಟ್ಟಿ ಬಿತ್ತಿದ. ಚಿಲೊಯೆಯಲ್ಲಿ ಮಳೆ ಇದೆ, ಕಾಡಿದೆ, ಮಣ್ಣು ಕೈಗೆ ಅಂಟುತ್ತದೆ. ನಮ್ಮ ದ್ವೀಪದಲ್ಲಿ ಇರುವುದು ಗಾಳಿ. ಮೂರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಬೀಜ ಹಾಗಿರಲಿ, ಮಡಿಯೇ ಇಲ್ಲ. ಎರಡನೇ ವರ್ಷ ಗೋಡೆ ಕಟ್ಟಿದ. ಹುಲ್ಲಿನ ಬೇರು ಸಮೇತ ನೆಲವನ್ನು ಇಟ್ಟಿಗೆಯ ಹಾಗೆ ಕತ್ತರಿಸಿ, ಹೆಂಟೆಯ ಮೇಲೆ ಹೆಂಟೆ ಇಟ್ಟು, ಗಾಳಿ ಬರುವ ಪಡುವಣಕ್ಕೂ ಚಳಿ ಬರುವ ತೆಂಕಣಕ್ಕೂ ಎದೆಯೆತ್ತರ ಏರಿಸಿದ. ಬಿಸಿಲು ಬರುವ ಬಡಗಣ ದಿಕ್ಕನ್ನು ತೆರೆದಿಟ್ಟ. ಆ ವರ್ಷ ಆಲೂಗಡ್ಡೆ ಹುಟ್ಟಿತು. ಹೂ ಬಿಡುವ ಹೊತ್ತಿಗೆ, ಜನವರಿ ನಡುವೆ, ಒಂದು ಬೆಳಗಿನ ಚಳಿಗೆ ಗಿಡಗಳೆಲ್ಲ ಕುದಿಯುವ ನೀರು ಹೊಯ್ದ ಹಾಗೆ ಕಪ್ಪಾಗಿ ಮಲಗಿದವು.

"ಅಳು ಬಂತಾ?" ಅಂತ ಕೇಳಿದ್ದೆ.

"ಯಾರ ಮುಂದೆ ಅಳೋದು, ಯಾಂಕೊ? ನಾಯಿ ಮುಂದೆ ಅತ್ರೆ ಅವೂ ಊಳಿಡ್ತವೆ."

ಮೂರನೇ ವರ್ಷದಿಂದ ಅವನಿಗೆ ನೆಲದ ಗುಟ್ಟು ಹತ್ತಿತು. ನೀರು ಹೆಪ್ಪುಗಟ್ಟುವಂಥ ಕೊನೆಯ ಗಟ್ಟಿಚಳಿಯಿಂದ ಬೇಸಿಗೆಯ ಆಚೆಯ ಮೊದಲ ಗಟ್ಟಿಚಳಿಯವರೆಗೆ ಎಣಿಸಿ ಎಪ್ಪತ್ತು ದಿನ. ಅಷ್ಟರೊಳಗೆ ಏನು ಬರುತ್ತದೋ ಅದೇ ಬೆಳೆ. ಹಾಗಾಗಿ ಆಲೂಗಡ್ಡೆಯನ್ನು ಆಗಸ್ಟ್‌ನಲ್ಲೇ ಒಲೆಯ ಪಕ್ಕ ಪೆಟ್ಟಿಗೆಯಲ್ಲಿಟ್ಟು ಮೊಳಕೆ ಬರಿಸುತ್ತಿದ್ದ. ದೊಡ್ಡ ಮನೆಯಲ್ಲಿ ಬಿಸಾಕಿದ್ದ ಎರಡು ಗಾಜಿನ ಕಿಟಕಿಗಳನ್ನು ನಾನು ಲಾರಿಯಲ್ಲಿ ತಂದುಕೊಟ್ಟೆ. ಗುಂಡಿ ತೋಡಿ, ಹಸಿ ಕುರಿಹಿಕ್ಕೆ ತುಂಬಿ, ಮೇಲೆ ಒಂದು ಗೇಣು ಮಣ್ಣು ಹರಡಿ, ಕಿಟಕಿ ಮುಚ್ಚಿದ. ಹೊರಗೆ ಹಿಮ ಬಿದ್ದಿದ್ದರೂ ಹಿಕ್ಕೆಯ ಕಾವಿಗೆ ಒಳಗೆ ಕೋಸಿನ ಸಸಿ ಏಳುತ್ತಿದ್ದವು. ನವೆಂಬರ್ ನಡುವೆ ಅವು ಗೋಡೆಯ ಮರೆಗೆ ಇಳಿಯುತ್ತಿದ್ದವು. ಡಿಸೆಂಬರ್‌ನಲ್ಲಿ ರಾತ್ರಿ ಹತ್ತು ಗಂಟೆಯಾದರೂ ಸೂರ್ಯ ಮುಳುಗುವುದಿಲ್ಲವಲ್ಲ, ಗಿಡಗಳೂ ಹಟಕ್ಕೆ ಬಿದ್ದ ಹಾಗೆ ಬೆಳೆಯುತ್ತಿದ್ದವು. ನಾವೆಲ್ಲ ಗಾಳಿಗೆ ಶಾಪ ಹಾಕಿದರೆ ಅವನು ಗಾಳಿ ನಿಂತರೆ ಹೆದರುತ್ತಿದ್ದ. ಸಂಜೆ ಗಾಳಿ ನಿಂತು ಆಕಾಶ ತಿಳಿಯಾಯಿತೆಂದರೆ ಆ ರಾತ್ರಿ ಗಟ್ಟಿಚಳಿ ಇಳಿಯುತ್ತದೆ ಅಂತ ಓಡಿಹೋಗಿ ಉಣ್ಣೆಯ ಗೋಣಿಗಳನ್ನು ತಂದು ಮಡಿಗಳಿಗೆ ಹೊದಿಸುತ್ತಿದ್ದ. ಅವನ ಹಾಸಿಗೆಯ ಕಂಬಳಿಯೂ ಎಷ್ಟೋ ಸಲ ಬಟಾಣಿ ಬಳ್ಳಿಯ ಮೇಲಿರುತ್ತಿತ್ತು.

ಹೀಗೆ ಐದಾರು ವರ್ಷ. ಒಂದು ಡಿಸೆಂಬರ್‌ನಲ್ಲಿ ಅವನು ನನಗೆ ಲೆಟ್ಯೂಸ್ ಸೊಪ್ಪಿನ ನಾಲ್ಕು ಬುಡ ಕಿತ್ತುಕೊಟ್ಟ. ಮನೆಗೆ ಒಯ್ಯುವಷ್ಟರಲ್ಲಿ ಬಾಡುತ್ತದೆ ಅಂತ ನಾನು ಅದನ್ನು ದೊಡ್ಡ ಮನೆಯ ಅಡುಗೆಮನೆಗೆ ಕೊಟ್ಟೆ. ಆ ವರ್ಷ ಸುಗ್ಗಿಯ ಆಳುಗಳಿಗೆ ಅಡುಗೆ ಮಾಡಲು ಹೊಸಬಳು ಬಂದಿದ್ದಳು. ಸುನಿಲ್ದಾ ಮನ್ಸಿಯಾ ಅಂತ, ಅವಳೂ ಚಿಲೊಯೆಯವಳೇ. ಗಂಡ ಮೀನಿಗೆ ಹೋದವನು ತಿರುಗಿ ಬಂದಿರಲಿಲ್ಲ. ಮೂವತ್ತನಾಲ್ಕು ವಯಸ್ಸು, ತೋಳು ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ.

ಸೊಪ್ಪನ್ನು ಎತ್ತಿ ಬೆಳಕಿಗೆ ಹಿಡಿದು, "ಇದನ್ನ ಬೆಳ್ದಿರೋದು ಯಾರು?" ಅಂದಳು.

"ಬೇಲಿ ಮೂಲೆಯ ಒಯಾರ್ಸೊ."

"ಆ ಮಾತಾಡದ ಮನುಷ್ಯಾನಾ? ನಾಲಿಗೆ ಇಲ್ದಿದ್ರೂ ಕೈ ಇದೆ ಬಿಡು. ಅವರಿಗೆ ಹೇಳು ಡ್ರೈವರಪ್ಪ, ಸೊಪ್ಪು ಚೆನ್ನಾಗಿದೆ, ಆದ್ರೆ ಎರಡು ದಿನ ತಡ ಮಾಡಿ ಕಿತ್ತಿದ್ದಾರೆ, ಬುಡ ಕಹಿಯಾಗಿದೆ ಅಂತ."

ಹದಿನೈದು ದಿನ ಬಿಟ್ಟು ನಾನು ಹೇಳಿದೆ. ಅವನು ಕಷಾಯ ಪೂರ್ತಿ ಹೀರಿ ಮುಗಿಸಿದ. ಆಮೇಲೆ, "ಸರಿ ಅಂತ ಹೇಳು" ಅಂದ.

"ಅಷ್ಟೇನಾ?"

"ಇನ್ನೇನು ಹೇಳೋದು?"

ಒಂದು 'ಸರಿ'ಯನ್ನು ಹೊತ್ತುಕೊಂಡು ನಲವತ್ತು ಕಿಲೋಮೀಟರ್ ಹೋದೆ. ಅವಳು ಬಿದ್ದು ಬಿದ್ದು ನಕ್ಕಳು. ಮುಂದಿನ ಸಲ ಅವಳು ಊರಿಂದ ತಂದಿದ್ದ ದಪ್ಪ ಬೆಳ್ಳುಳ್ಳಿಯ ಎಸಳುಗಳನ್ನು ಚಿಂದಿಯಲ್ಲಿ ಕಟ್ಟಿಕೊಟ್ಟು, "ಇದನ್ನ ಏಪ್ರಿಲ್‌ನಲ್ಲಿ ಹೂಳ್ಬೇಕು, ಹಿಮ ಬೀಳೋಕೆ ಮುಂಚೆ. ಚಳಿಗಾಲ ಪೂರ್ತಿ ಮಲಗಿದ್ದು ಆಮೇಲೆ ಏಳತ್ತೆ. ಅರ್ಥ ಆಯ್ತಾ ಅಂತ ಕೇಳು. 'ಸರಿ' ಅನ್ನೋದು ಬಿಟ್ಟು ಬೇರೆ ಮಾತಲ್ಲಿ ಹೇಳ್ಬೇಕು ಅಂತಾನೂ ಹೇಳು" ಅಂದಳು.

ಅವನು ತುಂಬಾ ಯೋಚಿಸಿ, "ಆಗ್ಲಿ ಅಂತ ಹೇಳು" ಅಂದ.

ಮೂರು ಬೇಸಿಗೆ ಹೀಗೇ ನಡೆಯಿತು. ಅವನಿಂದ ಕೋಸು, ಮೂಲಂಗಿ, ಟರ್ನಿಪ್ಪು ಗಡ್ಡೆ. ಅವಳಿಂದ ಬೈಗುಳ, ಬೀಜ, ಒಮ್ಮೊಮ್ಮೆ ಆಲೂಗಡ್ಡೆ ತುರಿದು ಬೇಯಿಸಿದ ಮಿಲ್ಕಾವ್ ರೊಟ್ಟಿ. ಚಳಿಗಾಲದಲ್ಲಿ ಅವಳು ಚಿಲೊಯೆಗೆ ಹೋಗುತ್ತಿದ್ದಳು, ಅಕ್ಟೋಬರ್‌ಗೆ ತಿರುಗಿ ಬರುತ್ತಿದ್ದಳು. ಅಷ್ಟರಲ್ಲಿ ಅವನ ತೋಟದ ಗೋಡೆ ಇನ್ನೊಂದಿಷ್ಟು ಉದ್ದವಾಗಿರುತ್ತಿತ್ತು. ಒಬ್ಬರೂ ಇನ್ನೊಬ್ಬರ ಮುಖ ನೋಡಿರಲಿಲ್ಲ. ಸುಗ್ಗಿಯಲ್ಲಿ ಅವನು ಕುರಿಮಂದೆ ಹೊಡೆದುಕೊಂಡು ದೊಡ್ಡ ಮನೆಗೆ ಬಂದರೂ ಅಡುಗೆಮನೆಯ ಕಡೆ ಕಾಲಿಡುತ್ತಿರಲಿಲ್ಲ. ದೊಡ್ಡಿಯಲ್ಲೇ ನಿಂತು ತಣ್ಣಗಿನ ಮಾಂಸ ತಿಂದು ಹಿಂದಿರುಗುತ್ತಿದ್ದ.

ಮೂರನೇ ಬೇಸಿಗೆಯ ಜನವರಿಯಲ್ಲಿ, ನಾನು ಲಾರಿ ಹತ್ತಿದ ಮೇಲೆ, ಕಿಟಕಿಯ ಹತ್ತಿರ ಬಂದು ನಿಂತ. "ಅವಳಿಗೆ ಹೇಳು. ತೋಟ ನೋಡಕ್ಕೆ ಬರ್ಬೋದು ಅಂತ. ಬೇಕಿದ್ರೆ." ಅಷ್ಟು ಹೇಳುವಷ್ಟರಲ್ಲಿ ಅವನ ಕಿವಿ ಕೆಂಪಾಗಿತ್ತು.

ಮುಂದಿನ ಸರದಿಗೆ ಅವಳು ಲಾರಿ ಹತ್ತಿದಳು. ತಲೆಗೆ ಹಸಿರು ವಸ್ತ್ರ, ಕೈಯಲ್ಲಿ ಒಂದು ದೊಡ್ಡ ಬಟ್ಟೆಯ ಚೀಲ. ತರಕಾರಿ ತುಂಬಿಕೊಳ್ಳಲು ತಂದಿದ್ದಾಳೆ ಅಂದುಕೊಂಡೆ.

ಬಾಲ್ದೊಮೆರೊ ಗಡ್ಡ ಬೋಳಿಸಿದ್ದ, ಕೆನ್ನೆಯಲ್ಲಿ ಎರಡು ಕಡೆ ಗಾಯ. ಅವಳ ಚೀಲವನ್ನು ಲಾರಿಯಿಂದ ಇಳಿಸಿ ಬಾಗಿಲ ಪಕ್ಕದ ಬೆಂಚಿನ ಮೇಲಿಟ್ಟ. "ಬನ್ನಿ" ಅಂದ. ಇಬ್ಬರೂ ಗೋಡೆಯ ಮರೆಗೆ ಹೋದರು. ನಾನು ಚಕ್ರದ ಬೋಲ್ಟು ಬಿಗಿ ಮಾಡುವ ನೆಪದಲ್ಲಿ ಈಚೆ ಉಳಿದೆ. ಆದರೂ ಅವಳ ಮಾತು ಕೇಳಿಸುತ್ತಿತ್ತು.

"ಅಯ್ಯೋ, ಇಷ್ಟೊಂದಾ! ಇದನ್ನೆಲ್ಲ ಒಬ್ರೇ ತಿಂತೀರಾ?... ಕೋಸಿಗೆ ಇನ್ನೂ ಸ್ವಲ್ಪ ಮಣ್ಣೇರಿಸ್ಬೇಕಿತ್ತು... ಈ ಬಟಾಣಿ ನಾನು ಕಳ್ಸಿದ್ದೇ ಅಲ್ವಾ? ನೋಡಿ, ನನ್ ಗುರುತು ಸಿಕ್ತು ಇದಕ್ಕೆ."

ಅವಳು ಸ್ಕರ್ಟು ಎತ್ತಿ ಸಿಕ್ಕಿಸಿಕೊಂಡು ಕಳೆ ಕೀಳಲು ಕೂತಳು. ಅವನು ಪಕ್ಕದ ಸಾಲಿನಲ್ಲಿ ಕೂತ. ಎರಡು ಗಂಟೆ ಹೊತ್ತು ಇಬ್ಬರೂ ಕಳೆ ಕಿತ್ತರು. ಎಳೆ ಬಟಾಣಿಯನ್ನು ಸಿಪ್ಪೆ ಸಮೇತ ತಿಂದರು. ಅವಳು ಅವನ ಒಲೆಯಲ್ಲಿ ಕೋಸು, ಟರ್ನಿಪ್ಪು ಹಾಕಿ ಕುರಿಮಾಂಸದ ಸಾರು ಮಾಡಿದಳು. ಮೂವರೂ ಉಂಡೆವು. ಆ ಮನೆಯಲ್ಲಿ ತಟ್ಟೆ ಎರಡೇ ಇದ್ದದ್ದರಿಂದ ಬಾಲ್ದೊಮೆರೊ ಪಾತ್ರೆಯಲ್ಲೇ ತಿಂದ. ಊಟ ಆದಮೇಲೆ ಅವಳು ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಬಾಗಿಲಲ್ಲಿ ನಿಂತಳು. ಅವನು ಅಂಗಳದಲ್ಲಿ ನಿಂತ.

ನನಗೆ ಸಂಜೆಯೊಳಗೆ ದೊಡ್ಡ ಮನೆಯಲ್ಲಿ ಉಣ್ಣೆ ತುಂಬಬೇಕಿತ್ತು, ಮೋಡ ಬೇರೆ ಕಟ್ಟಿತ್ತು. ಹಾರನ್ ಹೊಡೆದೆ.

ಅವನು ಒಂದು ಮೂಟೆ ಆಲೂಗಡ್ಡೆ ತಂದು ಲಾರಿಗೆ ಹಾಕಿದ. ಅವಳ ಚೀಲವನ್ನೂ ಎತ್ತಿ ತಂದು ಅದರ ಪಕ್ಕ ಇಟ್ಟ. ಅವಳು ಅವನ ಕೈಯನ್ನೇ ನೋಡುತ್ತಿದ್ದಳು.

"ಇನ್ನೇನಾದ್ರೂ ಹೇಳೋದಿತ್ತಾ, ದೋನ್ ಬಾಲ್ದೊಮೆರೊ?"

ಅವನು ತೋಟದ ಕಡೆ ತಿರುಗಿ ನೋಡಿದ. "ಟರ್ನಿಪ್ಪೂ ಇದೆ. ಹಾಕ್ಕೊಡ್ಲಾ?"

ಅವಳು ನಕ್ಕಳು. ನಗು ಬೇಕಾದ್ದಕ್ಕಿಂತ ಉದ್ದವಾಯಿತು. "ಹಾಕಿ. ಟರ್ನಿಪ್ಪೂ ಹಾಕಿ."

ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಸುನಿಲ್ದಾ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಾರ್ಚ್‌ನಲ್ಲಿ ಸುಗ್ಗಿ ಮುಗಿದು ಹೊರಟುಹೋದಳು.

ಮೇ ತಿಂಗಳ ಕೊನೆಗೆ ದಾರಿ ಮುಚ್ಚಿತು. ನಮ್ಮ ಕಡೆ ಮಧ್ಯಾಹ್ನದ ರೇಡಿಯೊದಲ್ಲಿ ದೂರದ ಮನೆಗಳಿಗೆ ಸಂದೇಶ ಓದುತ್ತಾರೆ: ಇಂಥವರಿಗೆ ಮಗು ಹುಟ್ಟಿದೆ, ಇಂಥವರು ಕುದುರೆ ಕಳಿಸಿ, ಇಂಥವರ ಅಮ್ಮನಿಗೆ ಹುಷಾರಿಲ್ಲ. ಯಾರ ಸಂದೇಶವೇ ಆಗಲಿ, ಇಡೀ ದ್ವೀಪ ಊಟ ಮಾಡುತ್ತಾ ಕೇಳುತ್ತದೆ. ಜೂನ್‌ನ ಒಂದು ಮಧ್ಯಾಹ್ನ ನನ್ನ ಹೆಂಡತಿ ನೆವೆಂಕಾ ಸೌಟು ಎತ್ತಿ, "ಶ್, ನಿನ್ ಒಯಾರ್ಸೊಗೆ ಬಂದಿದೆ" ಅಂದಳು.

ಓದಿದರು: "ಬೇಲಿ ಮೂಲೆಯ ಬಾಲ್ದೊಮೆರೊ ಒಯಾರ್ಸೊ ಅವರಿಗೆ. ಆಲೂಗಡ್ಡೆ ಕೆಡದೆ ಚೆನ್ನಾಗಿ ಉಳಿದಿವೆ. ನಾನು ನತಾಲೆಸ್ ಊರಿನಲ್ಲಿರುವ ಅಕ್ಕನ ಮನೆಗೆ ಹೋಗುತ್ತಿದ್ದೇನೆ. ಇನ್ನು ಸುಗ್ಗಿಗೆ ಬರುವುದಿಲ್ಲ. ಆರೋಗ್ಯ ನೋಡಿಕೊಳ್ಳಿ. ಸುನಿಲ್ದಾ ಮನ್ಸಿಯಾ."

ಅವನು ಕೇಳಿರುತ್ತಾನೆ ಅಂತ ನನಗೆ ಗೊತ್ತಿತ್ತು. ಕೇಳಿ, ರೇಡಿಯೊ ಆರಿಸಿ, ಹಿಮದ ನಡುವೆ ಆ ಎರಡು ಕೋಣೆಯಲ್ಲಿ ಸೆಪ್ಟೆಂಬರ್‌ವರೆಗೆ ಆ ನಾಲ್ಕು ಸಾಲಿನ ಜೊತೆ ಇರಬೇಕಿತ್ತು. ಉತ್ತರ ಹೇಳಲು ದಾರಿಯಿರಲಿಲ್ಲ.

ದಾರಿ ತೆರೆದ ಮೇಲೆ ಹೋದೆ. ಸೊರಗಿದ್ದ. ಮಡಚಿದ ಕಾಗದವೊಂದನ್ನು ಕೊಟ್ಟ. ಜಲಸಂಧಿ ದಾಟಿ ಆಚೆ ದಡದ ಪುಂತಾ ಅರೇನಾಸ್ ಪಟ್ಟಣಕ್ಕೆ ಹೋಗಿ ರೇಡಿಯೊದವರಿಗೆ ತಲುಪಿಸಿದೆ. ಓದಿದರು: "ನತಾಲೆಸ್‌ನ ಸುನಿಲ್ದಾ ಮನ್ಸಿಯಾ ಅವರಿಗೆ. ಬೆಳ್ಳುಳ್ಳಿ ಎದ್ದಿದೆ. ಬಾಲ್ದೊಮೆರೊ." ಅಷ್ಟೇ ಬರೆದಿದ್ದ. ಉತ್ತರ ಬರಲಿಲ್ಲ. ಅವಳು ಕೇಳಿದಳೋ ಇಲ್ಲವೋ, ಯಾರಿಗೆ ಗೊತ್ತು.

ಆಮೇಲೆ ಅವನು ಇನ್ನೂ ಇಪ್ಪತ್ತನಾಲ್ಕು ವರ್ಷ ಅಲ್ಲೇ ಇದ್ದ. ತೋಟ ಬೆಳೆಯುತ್ತಲೇ ಹೋಯಿತು. ದೊಡ್ಡ ಮನೆಗೆ ಕೊಡುವುದನ್ನು ನಿಲ್ಲಿಸಿ ಎಲ್ಲವನ್ನೂ ನನ್ನ ಲಾರಿಗೆ ಹಾಕುತ್ತಿದ್ದ. ನೆವೆಂಕಾ ಅದನ್ನು ಬೀದಿಯವರಿಗೆಲ್ಲ ಹಂಚುತ್ತಿದ್ದಳು. ಪೊರ್ವೆನೀರ್‌ನಲ್ಲಿ 'ಒಯಾರ್ಸೊ ಕೋಸು' ಅಂತಲೇ ಹೆಸರಾಯಿತು. ಒಂದು ಸಲ ಅವನು ಹಲ್ಲು ಕೀಳಿಸಲು ಊರಿಗೆ ಬಂದು ನಮ್ಮ ಅಡುಗೆಮನೆಯಲ್ಲಿ ಕೆನ್ನೆ ಊದಿಸಿಕೊಂಡು ಕೂತಿದ್ದಾಗ ಪಕ್ಕದ ಮನೆಯ ದೋನ್ಯಾ ಎರ್ಸಿಲಿಯಾ ಬಂದಳು.

"ಕೋಸು ಬಂತಾ, ನೆವೆಂಕಾ? ಆ ಒಯಾರ್ಸೊ ಅನ್ನೋನು ಕುರಿಗಳ ಜೊತೆ ಮಾತಾಡ್ತಾನಂತಲ್ಲ, ಉಗುರು ಇಷ್ಟುದ್ದ ಇದೆಯಂತೆ. ಏನಾದ್ರೂ ಆಗ್ಲಿ, ಅವನ ಕೋಸು ಮಾತ್ರ ಬೆಣ್ಣೆ. ಇವ್ರು ಯಾರು?"

ನೆವೆಂಕಾ ಬಾಯಿ ತೆರೆಯುವ ಮೊದಲೇ ಅವನು ಎದ್ದು ಟೋಪಿ ತೆಗೆದು, "ಇವ್ರ ನೆಂಟ, ಅಮ್ಮ. ಹಲ್ನೋವಿಗೆ ಬಂದೆ" ಅಂದ. ಅವಳು ಹೋದ ಮೇಲೆ ನೆವೆಂಕಾ ರೇಗಿದಳು, "ಒಯಾರ್ಸೊ ನಾನೇ ಅಂತ ಹೇಳ್ಬಾರ್ದಿತ್ತಾ?" ಅವನು ಉಗುರು ನೋಡಿಕೊಂಡ. "ಪಾಪ, ಅವರಿಗ್ಯಾಕೆ ಮುಜುಗರ" ಅಂದ.

ಸಾವಿರದ ಒಂಬೈನೂರ ಎಂಬತ್ತರ ಸುಮಾರಿಗೆ, ಜಲಸಂಧಿ ದಾಟುವ ಹಡಗಿನಲ್ಲಿ, ಯಾರೋ ನನ್ನ ಬೆನ್ನಿಗೆ ಗುದ್ದಿದರು. "ಡ್ರೈವರಪ್ಪ! ಇನ್ನೂ ಬದುಕಿದ್ದೀಯಾ?"

ಸುನಿಲ್ದಾ. ಕೂದಲು ಬೆಳ್ಳಗಾಗಿತ್ತು. ನತಾಲೆಸ್‌ನ ಒಬ್ಬ ಮಾಂಸದಂಗಡಿಯವನನ್ನು ಮದುವೆಯಾಗಿದ್ದಳು. "ಒಳ್ಳೇವ್ನು. ಬಾಯಿ ಮುಚ್ಚಲ್ಲ ಅನ್ನೋದೊಂದೇ ಕಷ್ಟ" ಅಂದಳು. ಬಾಲ್ದೊಮೆರೊನನ್ನು ವಿಚಾರಿಸಿದಳು. ಅಲ್ಲೇ ಇದ್ದಾನೆ, ಒಬ್ಬನೇ, ಅಂದೆ. ಗಾಳಿಗೆ ಹಾರುತ್ತಿದ್ದ ತಲೆವಸ್ತ್ರವನ್ನು ಬಿಗಿಯಾಗಿ ಕಟ್ಟಿಕೊಂಡಳು.

"ಆವತ್ತು ನನ್ ಚೀಲದಲ್ಲಿ ಏನಿತ್ತು ಗೊತ್ತಾ? ಎರಡು ಜೊತೆ ಬಟ್ಟೆ, ನಮ್ಮಮ್ಮನ ಫೋಟೊ, ನನ್ ಬಾಣಲೆ. ಇನ್ನು ಬರಲ್ಲ, ಬೇರೆಯವರನ್ನ ನೋಡ್ಕೊಳ್ಳಿ ಅಂತ ಮೇಸ್ತ್ರಿಗೆ ಹೇಳೇ ಹೊರಟಿದ್ದೆ. ತಿರುಗಿ ಹೋಗಿ ಆ ಮೇಸ್ತ್ರಿ ಮುಂದೆ ನಿಂತ್ನಲ್ಲ, ಅದನ್ನ ಮರೆಯಕ್ಕಾಗಲ್ಲ."

"ನಾನು ಹಾರನ್ ಹೊಡೀಬಾರ್ದಿತ್ತು" ಅಂದೆ.

"ಹೊಡೀದಿದ್ರೂ ಅವ್ರು ಟರ್ನಿಪ್ಪೇ ಹೇಳ್ತಿದ್ರು, ಬಿಡು" ಅಂದಳು. ಈ ಸಲವೂ ನಕ್ಕಳು.

ನಾನು ಅವನಿಗೆ ಹೇಳಲಿಲ್ಲ. ಪ್ರತಿ ಸಲ ಲಾರಿ ನಿಲ್ಲಿಸುವಾಗ ಹೇಳಬೇಕು ಅಂದುಕೊಳ್ಳುತ್ತಿದ್ದೆ. ಅವನು ಕೋಸು ಹೊತ್ತುಕೊಂಡು ಬರುವುದನ್ನು ನೋಡಿದರೆ ಬಾಯಿ ಬರುತ್ತಿರಲಿಲ್ಲ. ಎಂಟು ವರ್ಷ ಹೀಗೇ ಕಳೆಯಿತು.

ಎಂಬತ್ತೆಂಟರಲ್ಲಿ ಅವನ ಮಂಡಿ ಸೋತಿತು. ಕುದುರೆ ಹತ್ತಲಾಗದ ಕುರಿಗಾಹಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ನಾನೇ ಹೋಗಿ ಕರೆತಂದು ನಮ್ಮ ಹಿತ್ತಿಲ ಕೋಣೆ ಕೊಟ್ಟೆ. ಎರಡು ಕಡೆ ಮನೆ, ಒಂದು ಕಡೆ ಶೆಡ್ಡು ಇದ್ದು ಗಾಳಿಯೇ ಇಲ್ಲದ ಜಾಗ. ಅವನು ಏನು ಹಾಕಿದರೂ ಬಂತು. ಊಟಕ್ಕೆ ಮಾತ್ರ ಬರುತ್ತಿರಲಿಲ್ಲ. ನೆವೆಂಕಾ ಕರೆದರೆ ಬಾಗಿಲ ತನಕ ಬಂದು, ತಟ್ಟೆ ತೆಗೆದುಕೊಂಡು, "ದೇವ್ರು ಒಳ್ಳೇದ್ ಮಾಡ್ಲಿ ತಾಯಿ" ಅಂದು ಕೋಣೆಗೆ ಹೋಗುತ್ತಿದ್ದ.

ಮರುವರ್ಷ ಫೆಬ್ರವರಿಯಲ್ಲಿ ಇಬ್ಬರೂ ಆಲೂಗಡ್ಡೆ ಅಗೆಯುತ್ತಿದ್ದೆವು. ಅವನು ಗುದ್ದಲಿ, ನಾನು ಬುಟ್ಟಿ. ಇನ್ನು ತಡೆಯಲಾರದೆ ಹೇಳಿಬಿಟ್ಟೆ: ಹಡಗು, ಸುನಿಲ್ದಾ, ಚೀಲ, ಫೋಟೊ, ಬಾಣಲೆ. ನನ್ನ ಹಾರನ್ನಿಗೆ ಕ್ಷಮಿಸು ಅಂದೆ.

ಅವನು ಅಗೆಯುವುದನ್ನು ನಿಲ್ಲಿಸಲಿಲ್ಲ. ಸಾಲು ಮುಗಿದ ಮೇಲೆ ಗುದ್ದಲಿಯ ಮೇಲೆ ಕೈಯೂರಿ ನಿಂತ.

"ನಂಗೊತ್ತಿತ್ತು, ಯಾಂಕೊ. ಚೀಲ ಇಳಿಸಿದ್ದು ನಾನು ತಾನೆ. ಖಾಲಿ ಚೀಲ ಅಷ್ಟು ಭಾರ ಇರತ್ತಾ?"

"ಗೊತ್ತಿದ್ದೂ ಮತ್ತೆ ಲಾರಿಗೆ ಹಾಕಿದ್ಯಾ?"

"ಹೂಂ."

"ಯಾಕೋ ಮಾರಾಯ?"

ಅವನು ಗುದ್ದಲಿಗೆ ಅಂಟಿದ ಮಣ್ಣನ್ನು ಬೂಟಿನಿಂದ ಕೆರೆದ. "ಭಯ ಆಯ್ತು. ಒಬ್ನೇ ಇರೋದು ಕಲ್ತಿದ್ದೆ. ಮೇ ತಿಂಗಳಲ್ಲಿ ದಾರಿ ಮುಚ್ಚಿದ್ಮೇಲೆ ಅವಳು ಕಿಟಕಿ ಹತ್ರ ಕೂತು, ಯಾಕಾದ್ರೂ ಬಂದ್ನೋ ಅನ್ನೋ ಮುಖ ಮಾಡಿದ್ರೆ? ಆ ಮುಖ ನೋಡ್ಕೊಂಡು ಸೆಪ್ಟೆಂಬರ್ ತನಕ ಇರ್ಬೇಕಲ್ಲ. ಒಂದೇ ಒಂದು ಮಧ್ಯಾಹ್ನ ಅವಳು ನಗ್ತಾ ಕಳೆ ಕಿತ್ತಿದ್ಲು. ಅದಾದ್ರೂ ಉಳೀಲಿ ಅನ್ನಿಸ್ತು."

"ನತಾಲೆಸ್ ಎಷ್ಟು ದೂರ? ಒಂದ್ಸಲ ಹೋಗಿ ಮಾತಾಡ್ಸಿ ಬರೋಣ್ವಾ?"

"ಈಗ ಹೋಗಿ ಏನ್ ಹೇಳ್ಲಿ?" ಅಂದು ಮುಂದಿನ ಸಾಲಿಗೆ ಗುದ್ದಲಿ ಹಾಕಿದ.

ಆವತ್ತು ಮಧ್ಯಾಹ್ನ ನೆವೆಂಕಾ ತಟ್ಟೆ ಕೊಡಲು ಹೋದಾಗ ಅವನು ಒಳಗೆ ಬಂದು ಮೇಜಿನ ತುದಿಯಲ್ಲಿ ಕೂತ. ನಾವು ಏನೂ ಅನ್ನಲಿಲ್ಲ. ಅಂದರೆ ಎಲ್ಲಿ ಎದ್ದು ಹೋಗುತ್ತಾನೋ ಅಂತ. ಉಂಡು, ತಟ್ಟೆ ತೊಳೆದಿಟ್ಟು ಹೋದ. ಆಮೇಲೆ ಭಾನುವಾರಗಳಲ್ಲಿ ಬರುತ್ತಿದ್ದ, ಬೇರೆ ದಿನ ಇಲ್ಲ.

ಹೀಗೆ ಇನ್ನೂ ಐದು ವರ್ಷ ಇದ್ದ. ಕೊನೆಯ ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿತು. ಜುಲೈನಲ್ಲಿ ಜಲಸಂಧಿಯ ಆಚೆಯ ಆಸ್ಪತ್ರೆಗೆ ಸೇರಿಸಿ, ಎರಡು ದಿನ ಮನೆ ನೋಡಿಕೊಂಡು ಬರುತ್ತೇನೆ ಅಂತ ಹೇಳಿ ಬಂದೆ. ಗಾಳಿ ಎದ್ದು ನಾಲ್ಕು ದಿನ ಹಡಗು ಬಿಡಲಿಲ್ಲ. ಐದನೇ ದಿನ ನಾನು ತಲುಪುವಷ್ಟರಲ್ಲಿ ಅವನು ಹೋಗಿ ಒಂದು ದಿನವಾಗಿತ್ತು.

ದಾದಿ ಚಿಕ್ಕ ವಯಸ್ಸಿನವಳು, ಪಾಪ, ನನಗೆ ಸಮಾಧಾನವಾಗಲಿ ಅಂತ ಹೇಳಿದಳು: "ತುಂಬಾ ಒಳ್ಳೇ ರೋಗಿ, ಸಾರ್. ಒಂದ್ಸಲಾನೂ ಬೆಲ್ ಒತ್ತಲಿಲ್ಲ. ಏನೂ ಕೇಳ್ತಿರ್ಲಿಲ್ಲ."

ನಾನು ಅವನ ಕೋಟು, ಟೋಪಿ, ಬೂಟು ತೆಗೆದುಕೊಂಡು ಶವಪೆಟ್ಟಿಗೆಯ ಅಂಗಡಿ ಎಲ್ಲಿದೆ ಅಂತ ಅವಳನ್ನೇ ಕೇಳಿದೆ.